ಸಂಧಿವಾತದ ಮಾತ್ರೆಯ ಜೊತೆಗೆ ರೇಕಿ, ಅಂಗಮರ್ದನ: ಎಲ್ಲಿಯವರೆಗೆ ಸರಿ?

ಸೇಡಂ ರಸ್ತೆಯ ತಂಗಿ, ಕಲಬುರಗಿ

ನನ್ನ ಅಕ್ಕನಿಗೆ ರುಮಟಾಯ್ಡ್ ಸಂಧಿವಾತ. ವಯಸ್ಸಾದವರ ಮೊಣಕಾಲು ಸವೆತವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದಲ್ಲ, ಅದು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ರೊಟ್ಟಿ ತಟ್ಟುವುದನ್ನು ಬಿಟ್ಟು ಬಹಳ ಕಾಲವಾಯಿತು, ಈಗ ಖಾನಾವಳಿಯಿಂದ ತರಿಸುತ್ತೇವೆ. ಸೊಲ್ಲಾಪುರದ ತಜ್ಞರೊಬ್ಬರು ನೋಡುತ್ತಿದ್ದಾರೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್. ಊತ ಕಡಿಮೆಯಾಗಿದೆ, ಆದರೆ ಮಾತ್ರೆ ತೆಗೆದುಕೊಂಡ ಮರುದಿನ ಅವಳಿಗೆ ವಾಕರಿಕೆ, ಸುಸ್ತು. ಮನಸ್ಸೂ ಕುಗ್ಗಿದೆ.

ನಮ್ಮ ಬಡಾವಣೆಯಲ್ಲಿ ಒಬ್ಬರು ರೇಕಿ ಮಾಡುತ್ತಾರೆ, ಎಂದರೆ ಮೈಮೇಲೆ ಕೈ ಇಟ್ಟು ಶಕ್ತಿ ಹರಿಸುವುದಂತೆ. ಅಂಗಮರ್ದನವನ್ನೂ ಮಾಡುತ್ತಾರೆ. ಅಕ್ಕ ಒಮ್ಮೆ ಹೋಗಿ ಬಂದಳು. ಆ ರಾತ್ರಿ ಅವಳು ಮಲಗಿದ ಹಾಗೆ ಮಲಗಿದ್ದನ್ನು ನಾನು ಇತ್ತೀಚೆಗೆ ನೋಡಿರಲಿಲ್ಲ. ಈಗ ಅವರು ಇಪ್ಪತ್ತೊಂದು ಸಿಟ್ಟಿಂಗ್‌ಗಳಿಗೆ ಮುಂಗಡ ಹಣ ಕೇಳುತ್ತಿದ್ದಾರೆ. ‘ಮುಗಿಯುವಷ್ಟರಲ್ಲಿ ಮಾತ್ರೆಯ ಅಗತ್ಯವೇ ಇರುವುದಿಲ್ಲ’ ಎಂದಿದ್ದಾರಂತೆ. ಭಾವ ಇದೆಲ್ಲ ಬೂಟಾಟಿಕೆ ಎನ್ನುತ್ತಾರೆ. ಅಕ್ಕ ಹಟ ಹಿಡಿದಿದ್ದಾಳೆ. ನಿಮ್ಮ ಮನೆಗಳಲ್ಲಿ ದೀರ್ಘಕಾಲದ ಕಾಯಿಲೆಯವರು ಇಂಥದ್ದನ್ನು ಮಾಡಿಸಿಕೊಂಡಿದ್ದರೆ ಏನಾಯಿತು ಎಂದು ಹೇಳಿ. ಬೈಯುವವರು ದಯವಿಟ್ಟು ನನ್ನನ್ನು ಬೈಯಿರಿ, ಅಕ್ಕನನ್ನು ಬಿಡಿ.

ಲೆಕ್ಕ ಕೇಳುವವನು, ಕಲಬುರಗಿ

ನಿಮ್ಮ ಭಾವ ಹೇಳಿದ್ದು ಸರಿ. ಅಂಗೈಯಿಂದ ಶಕ್ತಿ ಹರಿಯುತ್ತದೆ ಎನ್ನುವವರನ್ನು ಅಮೆರಿಕದ ಒಬ್ಬ ಶಾಲಾ ಬಾಲಕಿ ಪರೀಕ್ಷೆಗೆ ಒಡ್ಡಿದ್ದಳು. ಎಮಿಲಿ ರೋಸಾ ಎಂದು ಹೆಸರು, ಪ್ರಯೋಗ ಆರಂಭಿಸಿದಾಗ ಒಂಬತ್ತು ವರ್ಷ. ನಡುವೆ ಪರದೆ ಇಟ್ಟು, ಚಿಕಿತ್ಸಕರ ಎರಡು ಕೈಗಳಲ್ಲಿ ಯಾವುದರ ಮೇಲೆ ತನ್ನ ಕೈ ಇದೆ ಎಂದು ಹೇಳಲು ಕೇಳಿದಳು. 21 ಚಿಕಿತ್ಸಕರು, 280 ಸುತ್ತು. ಸರಿಯಾದ ಉತ್ತರ 123. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಹೆಚ್ಚು ಸರಿ ಬರುತ್ತಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಅದು ಅಚ್ಚಾಯಿತು. ಇಲ್ಲದ ಶಕ್ತಿಗೆ ಮುಂಗಡ ಕೊಡುವುದು ಬೇಡ.

ಬಸವಕಲ್ಯಾಣದ ರೇಕಿ ಸಾಧಕಿ

ನಾನು ರೇಕಿ ಮಾಡುವವಳು. ಅದಕ್ಕೇ ಮಾತನಾಡಬೇಕು ಅನ್ನಿಸಿತು.

ಮೊದಲು ಮೇಲಿನವರಿಗೆ. ಆ ಬಾಲಕಿ ಪರೀಕ್ಷಿಸಿದ್ದು ಅಮೆರಿಕದ ದಾದಿಯರು ಬಳಸುತ್ತಿದ್ದ ‘ಥೆರಪ್ಯೂಟಿಕ್ ಟಚ್’ ಎಂಬ ಪದ್ಧತಿಯನ್ನು. ರೇಕಿ ಬೇರೆ. ಜಪಾನಿನ ಮಿಕಾವೊ ಉಸುಯಿ 1922ರ ಸುಮಾರಿಗೆ ಆರಂಭಿಸಿದ್ದು, ಹವಾಯಿಯ ಹವಾಯೊ ತಕಾತಾ ಎಂಬಾಕೆಯ ಮೂಲಕ ಹೊರಜಗತ್ತಿಗೆ ಬಂದದ್ದು. ಇನ್ನು ಪ್ರಾಣಿಕ್ ಹೀಲಿಂಗ್ ಫಿಲಿಪ್ಪೀನ್ಸ್‌ನಿಂದ ಬಂದಿದೆ, ಅದರಲ್ಲಿ ಮುಟ್ಟುವುದೇ ಇಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಆದರೆ ಶಕ್ತಿಯನ್ನು ಅಳೆದು ತೋರಿಸು ಎಂದರೆ ನನ್ನಿಂದ ಆಗುವುದಿಲ್ಲ. ನನ್ನ ಬಳಿ ಬಂದವರು ಹಗುರವಾದೆವು, ನಿದ್ರೆ ಬಂತು ಎನ್ನುತ್ತಾರೆ. ಅಷ್ಟು ನನಗೆ ಗೊತ್ತು. ಕಾಯಿಲೆ ವಾಸಿಯಾಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ಮಾತ್ರೆ ನಿಲ್ಲಿಸಿ ಎಂದು ಹೇಳುವವರನ್ನು ನಮ್ಮವರೆಂದು ಒಪ್ಪುವುದೂ ಇಲ್ಲ. ತಂಗಿಯವರೇ, ನೀವು ಬರೆದದ್ದರಲ್ಲಿ ನನ್ನನ್ನು ಚುಚ್ಚಿದ್ದು ‘ಮಾತ್ರೆಯ ಅಗತ್ಯವೇ ಇರುವುದಿಲ್ಲ’ ಎಂಬ ಆ ಒಂದು ವಾಕ್ಯ. ರೇಕಿಯ ಬಗ್ಗೆ ಆಮೇಲೆ ಜಗಳವಾಡೋಣ. ಮೊದಲು ಅವರನ್ನು ನೇರವಾಗಿ ಕೇಳಿ: ನಮ್ಮ ವೈದ್ಯರ ಮಾತ್ರೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು? ಅವರ ಉತ್ತರದಲ್ಲೇ ಎಲ್ಲವೂ ತಿಳಿಯುತ್ತದೆ.

ಲೆಕ್ಕ ಕೇಳುವವನು, ಕಲಬುರಗಿ

ಹೆಸರು ಬೇರೆ, ವಾದ ಒಂದೇ. ಆದರೂ ಕೊನೆಯ ಮಾತಿಗೆ ನನ್ನ ತಕರಾರಿಲ್ಲ.

ಬೀದರ್ ಫಿಸಿಯೋ

ತಡವಾಗಿ ಓದಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ.

ಅಕ್ಕನಿಗೆ ಅಂದು ನಿದ್ರೆ ಬಂದದ್ದು ಸುಳ್ಳಲ್ಲ. ಮುಟ್ಟಿದರೆ ನೋವು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಗಟ್ಟಿಯಾದ ವಿವರಣೆ ಇದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಹೇಳಿದ್ದು ಇದು: ಸ್ಪರ್ಶದ ಸಂಕೇತ ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ನೋವಿನ ಸಂಕೇತ ಬೆನ್ನುಹುರಿಯಲ್ಲೇ ತಡೆಯಲ್ಪಡುತ್ತದೆ. ಮಗು ಬಿದ್ದಾಗ ತಾಯಿ ಮೊಣಕಾಲು ಉಜ್ಜುವುದು ಇದೇ ಕಾರಣಕ್ಕೆ. ಇನ್ನೊಂದು ಬಗೆಯ ಸಣ್ಣ ನರತಂತುಗಳಿವೆ; ಕೈಯನ್ನು ನಿಧಾನವಾಗಿ, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಅವು ಹೆಚ್ಚು ಸ್ಪಂದಿಸುತ್ತವೆ. ಸವರುವಿಕೆ ಹಿತವೆನಿಸುವುದು ಅವುಗಳಿಂದ. ಇದಕ್ಕೆ ವಿಶ್ವಶಕ್ತಿ ಬೇಕಾಗಿಲ್ಲ. ಚರ್ಮ ಸಾಕು.

ಮೊಣಕಾಲು ಸವೆತದ ಮೇಲೆ 2012ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 125 ಜನರಿದ್ದರು. ವಾರಕ್ಕೊಮ್ಮೆ ಒಂದು ಗಂಟೆ ಅಂಗಮರ್ದನ ಮಾಡಿಸಿಕೊಂಡವರ ನೋವು, ಬಿಗಿತ ಎರಡೂ ಕಡಿಮೆಯಾದವು. ಬೆನ್ನುನೋವಿಗೂ ಅಮೆರಿಕದ ವೈದ್ಯರ ಸಂಘಟನೆಯೊಂದು 2017ರಲ್ಲಿ ಮಾತ್ರೆಗಿಂತ ಮೊದಲು ಶಾಖ, ಮರ್ದನ, ವ್ಯಾಯಾಮದಂಥವನ್ನು ಪ್ರಯತ್ನಿಸಿ ಎಂದಿತು. ಆದ್ದರಿಂದ ಅಂಗಮರ್ದನ ಎಂದ ಕೂಡಲೇ ಮೂಗು ಮುರಿಯುವವರ ಪಕ್ಷದಲ್ಲಿ ನಾನಿಲ್ಲ. ರೇಕಿ ಯಾವುದೇ ಕಾಯಿಲೆಯನ್ನು ಗುಣಪಡಿಸುತ್ತದೆ ಎಂದು ತೋರಿಸುವ ಗಟ್ಟಿಯಾದ ಅಧ್ಯಯನವನ್ನು ಮಾತ್ರ ನಾನು ನೋಡಿಲ್ಲ.

ಇನ್ನು ಎರಡನೆಯದು. ರುಮಟಾಯ್ಡ್‌ನಲ್ಲಿ ನೋವು ಕಡಿಮೆಯಾಗುವುದು ಬೇರೆ, ಕೀಲು ಉಳಿಯುವುದು ಬೇರೆ. ನೋವಿಲ್ಲದ ದಿನಗಳಲ್ಲೂ ಕೀಲಿನ ಒಳಪದರ ಉರಿಯುತ್ತಾ, ಮೂಳೆಯನ್ನು ಕೊರೆಯುತ್ತಾ ಇರಬಹುದು. ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚಿನ ಹಾನಿಯಾಗುತ್ತದೆ, ಆದದ್ದು ಮರಳಿ ಸರಿಹೋಗುವುದಿಲ್ಲ. ಮೆಥೋಟ್ರೆಕ್ಸೇಟ್ ತಡೆಯುವುದು ಈ ಕೊರೆತವನ್ನು. ಅದನ್ನು ನಿಲ್ಲಿಸಿದ ವಾರವೇ ಏನೂ ಆಗುವುದಿಲ್ಲ, ಅದೇ ಮೋಸ. ರೇಕಿಯಿಂದಲೇ ಚೆನ್ನಾಗಿದ್ದೇನೆ ಎನ್ನಿಸುತ್ತದೆ. ಕೆಲವು ವಾರಗಳ ನಂತರ ಊತ ಮರಳಿ ಬಂದಾಗ ‘ಹಳೆಯ ಔಷಧದ ವಿಷ ಹೊರಬರುತ್ತಿದೆ’ ಎಂದು ಯಾರಾದರೂ ಹೇಳುತ್ತಾರೆ. ಆದ್ದರಿಂದ ಅಕ್ಕ ಹೇಗಿದ್ದಾಳೆ ಎನ್ನುವುದನ್ನು ಅವಳ ನಿದ್ರೆಯಿಂದಲೂ ಅಳೆಯಿರಿ, ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಿಂದಲೂ ಅಳೆಯಿರಿ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬೇಡಿ.

ಮರ್ದನ ಮಾಡಿಸುವುದಾದರೆ: ಬಿಸಿಯಾಗಿ, ಕೆಂಪಾಗಿ ಊದಿದ ಕೀಲನ್ನು ತಿಕ್ಕಬಾರದು. ಸುತ್ತಲಿನ ಸ್ನಾಯುಗಳಿಗೆ ಹಗುರವಾದ ಒತ್ತಡ ಸಾಕು. ಕುತ್ತಿಗೆಯನ್ನು ‘ಲಟಕ್’ ಎನ್ನಿಸಲು ಯಾರಿಗೂ ಬಿಡಬೇಡಿ. ಈ ಕಾಯಿಲೆಯಲ್ಲಿ ಕುತ್ತಿಗೆಯ ಮೇಲಿನ ಎರಡು ಕಶೇರುಕಗಳನ್ನು ಹಿಡಿದಿರುವ ಕಟ್ಟು ಸಡಿಲವಾಗಿರಬಹುದು. ಒಂದು ಎಳೆತಕ್ಕೆ ಬೆನ್ನುಹುರಿಗೇ ಪೆಟ್ಟು ಬೀಳಬಹುದು. ಇದು ಹೆದರಿಸಲು ಹೇಳುವ ಮಾತಲ್ಲ.

ಆಳಂದದ ಔಷಧ ಅಂಗಡಿ

ಫಿಸಿಯೋ ಅವರು ಹೇಳದೇ ಬಿಟ್ಟದ್ದನ್ನು ಸೇರಿಸುತ್ತೇನೆ. ಇಂಥ ಚಿಕಿತ್ಸಕರಲ್ಲಿ ಕೆಲವರು ಕೈ ಇಡುವುದರ ಜೊತೆಗೆ ಪುಡಿಯನ್ನೋ ಕಷಾಯವನ್ನೋ ಕೊಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿ. ಎರಡೇ ದಿನಕ್ಕೆ ನೋವು ಮಾಯವಾಗುವ, ಹಸಿವು ಹೆಚ್ಚುವ, ಮುಖ ದುಂಡಗಾಗುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. ಅದನ್ನು ತಿಂಗಳುಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಅಂಥ ಪುಡಿಯನ್ನು ಬಿಡುವಾಗಲೂ ವೈದ್ಯರನ್ನು ಕೇಳಿಯೇ ಬಿಡಬೇಕು.

ಅಮೃತಬಳ್ಳಿ ಕಷಾಯದ ವಿಷಯವೂ ಇದೆ. ಕೋವಿಡ್ ಸಮಯದಲ್ಲಿ ಎಲ್ಲರೂ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಎಂದಿತು. ಆ ಜಗಳ ಏನಾದರೂ ಇರಲಿ. ಮೆಥೋಟ್ರೆಕ್ಸೇಟ್ ತಾನೇ ಯಕೃತ್ತಿನ ಮೇಲೆ ಭಾರ ಹಾಕುವ ಔಷಧ, ಅದಕ್ಕೇ ಆಗಾಗ ರಕ್ತಪರೀಕ್ಷೆ ಬರೆಯುತ್ತಾರೆ. ಅದರ ಮೇಲೆ ಇನ್ನೊಂದನ್ನು ಹೇರುವುದು ಏಕೆ?

ಇನ್ನೊಂದು ಎಚ್ಚರಿಕೆ, ವಿಷಯದಿಂದ ಸ್ವಲ್ಪ ಆಚೆಯದು. ಈ ಮಾತ್ರೆ ವಾರಕ್ಕೆ ಒಂದು ದಿನ ಮಾತ್ರ. ದಿನಾ ತೆಗೆದುಕೊಂಡು ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಆಸ್ಪತ್ರೆ ಸೇರುವವರಿದ್ದಾರೆ. ನಾನು ಚೀಟಿಯ ಮೇಲೆ ವಾರದ ಹೆಸರು ಬರೆದು ಕೊಡುತ್ತೇನೆ. ವಾಕರಿಕೆಗೆ ಮಾತ್ರೆ ಬಿಡುವುದು ಪರಿಹಾರವಲ್ಲ; ವೈದ್ಯರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ ಅಥವಾ ಅದನ್ನೇ ಚುಚ್ಚುಮದ್ದಾಗಿ ಕೊಡುತ್ತಾರೆ. ಬಹಳ ಜನ ಹೇಳುವುದೇ ಇಲ್ಲ. ಮಾತ್ರೆ ಬಿಟ್ಟು ಕೈ ಇಡುವವರ ಬಳಿ ಹೋಗುತ್ತಾರೆ.

ಶಹಾಪುರದ ನಿವೃತ್ತ ಶಿಕ್ಷಕ

ನಮ್ಮ ಕಡೆ ಇದೆಲ್ಲ ಹೊಸದೇ? ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು, ಭಂಡಾರ ಹಚ್ಚುವುದು, ದರ್ಗಾದಲ್ಲಿ ನವಿಲುಗರಿಯಿಂದ ಸವರಿಸಿಕೊಳ್ಳುವುದು, ಮನಸ್ಸು ಕೆಟ್ಟವರನ್ನು ಗಾಣಗಾಪುರಕ್ಕೆ ಕರೆದೊಯ್ಯುವುದು, ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹರಕೆ ತೀರಿಸುವುದು. ಜಾತಿ, ಮತ ನೋಡದೆ ಎಲ್ಲರೂ ಎಲ್ಲ ಕಡೆಗೂ ಹೋಗುತ್ತಾರೆ. ನನ್ನ ತಾಯಿಯೂ ಹೋಗುತ್ತಿದ್ದರು, ಅದರ ಜೊತೆಗೇ ಬಿ.ಪಿ. ಮಾತ್ರೆಯನ್ನೂ ನುಂಗುತ್ತಿದ್ದರು. ಯಾವ ದೇವರೂ ಅವರಿಗೆ ಮಾತ್ರೆ ಬಿಡು ಎಂದು ಹೇಳಲಿಲ್ಲ. ನವಿಲುಗರಿ ಆಡಿಸುವ ಫಕೀರರು ಇಪ್ಪತ್ತೊಂದು ಸಲಕ್ಕೆ ಮುಂಗಡವನ್ನೂ ಕೇಳುವುದಿಲ್ಲ, ತಟ್ಟೆಗೆ ಹತ್ತು ರೂಪಾಯಿ ಹಾಕಿದರೂ ಆಶೀರ್ವಾದ ಅಷ್ಟೇ. ಈಗ ಅದೇ ಕೈಗೆ ಜಪಾನಿನ ಹೆಸರು, ಗೋಡೆಗೆ ಚೌಕಟ್ಟು ಹಾಕಿದ ಪ್ರಮಾಣಪತ್ರ, ಮತ್ತು ಪ್ಯಾಕೇಜ್. ನನ್ನ ಸಿಟ್ಟು ಪ್ಯಾಕೇಜಿನ ಮೇಲೆ.

ನಿರ್ವಾಹಕ

ಇಲ್ಲಿಗೆ ಬಂದಿದ್ದ ಒಂದು ಬರಹವನ್ನು ಅಳಿಸಿದ್ದೇನೆ. ‘ಸಕ್ಕರೆ ಕಾಯಿಲೆ, ಸಂಧಿವಾತ, ಕ್ಯಾನ್ಸರ್ ಶಾಶ್ವತ ಪರಿಹಾರ, ಶಕ್ತಿ ಚಿಕಿತ್ಸೆ’ ಎಂದು ಮೊಬೈಲ್ ಸಂಖ್ಯೆ ಸಹಿತ ಹಾಕಿದ್ದರು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಮಧುಮೇಹ, ಕ್ಯಾನ್ಸರ್, ವಾತರೋಗ, ಅಪಸ್ಮಾರ, ಪಾರ್ಶ್ವವಾಯು ಎಲ್ಲವೂ ಅದರಲ್ಲಿ ಸೇರಿವೆ. ಇವನ್ನು ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಶಿಕ್ಷಕರು ಹೇಳಿದ ತಾಯತ, ಮಂತ್ರ, ಕವಚಗಳನ್ನೂ ಆ ಕಾಯ್ದೆ ‘ಮಾಂತ್ರಿಕ ಪರಿಹಾರ’ ಎಂದು ಹೆಸರಿಸುತ್ತದೆ. ಇನ್ನೊಂದು: ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪಥಿಯಂತೆ ರೇಕಿ ಆಯುಷ್ ಪದ್ಧತಿಗಳಲ್ಲಿ ಸೇರಿಲ್ಲ. ತಪ್ಪಾದರೆ ದೂರು ಕೊಡಲು ಮಂಡಳಿ ಇಲ್ಲ, ರದ್ದುಪಡಿಸಲು ನೋಂದಣಿಯೂ ಇಲ್ಲ.

ಚಿತ್ತಾಪುರದವಳು

ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲ ಮುಗಿದಿದೆ. ಕಲಬುರಗಿಯಲ್ಲೇ ಕಿದ್ವಾಯಿಯ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಅಲೆಯುವುದು ಕಡಿಮೆಯಾಯಿತು.

ಕೀಮೋ ನಡೆಯುವಾಗ ಗೆಳತಿಯೊಬ್ಬಳು ಬಂದು ನನ್ನ ತಲೆಯ ಮೇಲೆ, ಹೊಟ್ಟೆಯ ಮೇಲೆ ಕೈ ಇಟ್ಟು ಕೂರುತ್ತಿದ್ದಳು. ಅವಳು ರೇಕಿ ಕಲಿತವಳು. ಹಣ ತೆಗೆದುಕೊಳ್ಳಲಿಲ್ಲ. ಲೆಕ್ಕ ಕೇಳುವವರೇ, ನೀವು ಹೇಳಿದ ಪರದೆಯ ಪರೀಕ್ಷೆಯನ್ನು ಓದಿದೆ, ತಪ್ಪೇನಿಲ್ಲ. ಆದರೆ ಆ ದಿನಗಳಲ್ಲಿ ನನ್ನನ್ನು ಮುಟ್ಟಿದವರೆಲ್ಲ ಸೂಜಿ ಚುಚ್ಚಲು ಮುಟ್ಟಿದರು. ಮನೆಯಲ್ಲಿ ಸೋಂಕು ತಗಲೀತೆಂದು ಮೊಮ್ಮಕ್ಕಳನ್ನು ದೂರ ಇಟ್ಟಿದ್ದರು. ಏನೂ ಮಾಡದೆ, ಏನೂ ಕೇಳದೆ ಅರ್ಧ ಗಂಟೆ ಕೈ ಇಟ್ಟು ಕುಳಿತವಳು ಅವಳೊಬ್ಬಳೇ. ಅದನ್ನು ನಿಮ್ಮ ಯಾವ ಕೋಷ್ಟಕದಲ್ಲಿ ಬರೆದುಕೊಳ್ಳುತ್ತೀರಿ?

ಆದರೆ ನನ್ನ ಜೊತೆ ವಾರ್ಡಿನಲ್ಲಿದ್ದ ಒಬ್ಬರು ಎರಡನೆಯ ಕೀಮೋ ಆದ ಮೇಲೆ ಬರಲಿಲ್ಲ. ಹಳ್ಳಿಯಲ್ಲಿ ಯಾರೋ ಗಡ್ಡೆಯನ್ನು ಮಂತ್ರಿಸಿ ಕರಗಿಸುತ್ತಾರೆಂದು ಹೋದರು. ತಿರುಗಿ ಬಂದಾಗ ವೈದ್ಯರಿಗೆ ಮಾಡಲು ಏನೂ ಉಳಿದಿರಲಿಲ್ಲ. ನನ್ನ ಗೆಳತಿಯದೂ ಕೈ, ಅವರದೂ ಕೈ.

ಈಗ ನನ್ನ ಎಡತೋಳು ಊದುತ್ತದೆ, ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದಾರೆ. ಅದಕ್ಕೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬಹಳ ಹಗುರವಾಗಿ, ಚರ್ಮವನ್ನು ಮಾತ್ರ ಸರಿಸುವಂತೆ ಮರ್ದನ ಮಾಡುತ್ತಾರೆ, ಮೇಲೆ ಬಿಗಿಯಾದ ತೋಳುಚೀಲ. ಊರಿನ ಎಣ್ಣೆ ಹಚ್ಚುವವಳು ಗಟ್ಟಿಯಾಗಿ ತಿಕ್ಕಲು ಬಂದಾಗ ನಾನೇ ಬೇಡ ಎಂದೆ.

ಲೆಕ್ಕ ಕೇಳುವವನು, ಕಲಬುರಗಿ

ಚಿತ್ತಾಪುರದವರಿಗೆ: ಬರೆದುಕೊಳ್ಳುವ ಕೋಷ್ಟಕ ಇದೆ, ಅದನ್ನು ಹೇಳದಿದ್ದರೆ ನಾನು ಲೆಕ್ಕ ಕೇಳುವವನು ಹೇಗಾದೇನು. 2008ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಸದಾ ಹೊಟ್ಟೆ ಕೆಡುವ ಕಾಯಿಲೆಯ 262 ರೋಗಿಗಳಿದ್ದರು. ಮೂರು ವಾರಗಳಲ್ಲಿ, ಸುಮ್ಮನೆ ಕಾಯಲು ಹೇಳಿದವರಲ್ಲಿ ಶೇ. 28ರಷ್ಟು ಮಂದಿಗೆ ಸಾಕಷ್ಟು ಸಮಾಧಾನವಾಯಿತು. ಸೂಜಿ ಒಳಗೇ ಹೋಗದ ಹುಸಿ ಅಕ್ಯುಪಂಕ್ಚರ್ ಮಾಡಿಸಿಕೊಂಡವರಲ್ಲಿ ಶೇ. 44. ಅದೇ ಹುಸಿ ಸೂಜಿಯನ್ನು ಹಾಕುವ ಮೊದಲು ಚಿಕಿತ್ಸಕರು ಕುಳಿತು, ಕೇಳಿ, ಕಾಳಜಿ ತೋರಿದವರಲ್ಲಿ ಶೇ. 62. ಸೂಜಿ ಸುಳ್ಳು, ಕಾಳಜಿ ನಿಜ.

ಕ್ಯಾನ್ಸರಿನದೂ ಇದೆ. 2018ರ ಅಮೆರಿಕದ ಅಧ್ಯಯನದಲ್ಲಿ ಮುಖ್ಯ ಚಿಕಿತ್ಸೆಯ ಜೊತೆ ಪೂರಕ ಪದ್ಧತಿ ಬಳಸಿದವರ ಸಾವಿನ ಅಪಾಯ ಎರಡು ಪಟ್ಟು ಕಂಡಿತು. ಓದಿದವರು ಬೆಚ್ಚಿದರು. ಆದರೆ ಅಂಥವರಲ್ಲಿ ಶಸ್ತ್ರಚಿಕಿತ್ಸೆಯನ್ನೋ ಕೀಮೋವನ್ನೋ ನಿರಾಕರಿಸಿದವರು ಹೆಚ್ಚಿದ್ದರು. ಆ ನಿರಾಕರಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ವ್ಯತ್ಯಾಸ ಉಳಿಯಲಿಲ್ಲ. ಎಂದರೆ ಕೊಂದದ್ದು ಪೂರಕ ಚಿಕಿತ್ಸೆಯಲ್ಲ, ಬಿಟ್ಟುಬಿಟ್ಟ ಚಿಕಿತ್ಸೆ. ನೀವು ವಾರ್ಡಿನಲ್ಲಿ ಕಂಡದ್ದೂ ಇದೇ.

ಬಿದರಿ ಕೆಲಸಗಾರ, ಬೀದರ್

ನಮಗೆ ದಿನವಿಡೀ ಕತ್ತು ಬಾಗಿಸಿ ಉಳಿ ಹಿಡಿಯುವ ಕೆಲಸ. ಮಣಿಕಟ್ಟು, ಕುತ್ತಿಗೆ, ಎರಡೂ ಹಿಡಿಯುತ್ತವೆ. ಹಿಜಾಮಾ ಮಾಡಿಸಿಕೊ ಎಂದು ಮನೆಯಲ್ಲಿ ಒತ್ತಾಯ. ನನಗೆ ಸಕ್ಕರೆ ಕಾಯಿಲೆಯೂ ಇದೆ. ಮಾಡಿಸಬಹುದೇ?

ಯುನಾನಿ ವೈದ್ಯ, ಬೀದರ್

ಬಿದರಿ ಸಹೋದರರಿಗೆ: ಯುನಾನಿಯಲ್ಲಿ ಔಷಧವಿಲ್ಲದ ಚಿಕಿತ್ಸೆಗಳಿಗೆ ‘ಇಲಾಜ್ ಬಿತ್ ತದ್ಬೀರ್’ ಎಂದು ಹೆಸರು. ದಲ್ಕ್ ಎಂದರೆ ಮರ್ದನ, ಹಮ್ಮಾಮ್ ಎಂದರೆ ಹಬೆಸ್ನಾನ, ಹಿಜಾಮಾ ಎಂದರೆ ಚರ್ಮದ ಮೇಲೆ ಬಟ್ಟಲು ಕವುಚಿ ಹೀರಿಸುವುದು. ನಿಮಗೆ ಒಣ ಹಿಜಾಮಾ ಅಥವಾ ದಲ್ಕ್ ಸಾಕು. ಗೀರು ಹಾಕಿ ರಕ್ತ ತೆಗೆಯುವ ಹಸಿ ಹಿಜಾಮಾವನ್ನು ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ನಾನು ಮಾಡುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಇಲ್ಲ, ರಕ್ತಹೀನತೆ ಇದ್ದವರಿಗೂ ಇಲ್ಲ. ಬ್ಲೇಡ್ ಮತ್ತು ಬಟ್ಟಲು ನಿಮ್ಮೆದುರೇ ಹೊಸ ಪೊಟ್ಟಣದಿಂದ ತೆಗೆದದ್ದೇ ಎಂದು ನೋಡಿಕೊಳ್ಳಿ. ಹೆಪಟೈಟಿಸ್ ಬಿ ರಕ್ತದಿಂದಲೂ ಹರಡುತ್ತದೆ. ಮಸೀದಿಯ ಹೊರಗೆ, ಜಾತ್ರೆಯಲ್ಲಿ, ಮರದ ಕೆಳಗೆ ಮಾಡುವವರನ್ನು ಕಂಡಾಗ ನನಗೆ ನಾಚಿಕೆಯಾಗುತ್ತದೆ. ನಮ್ಮ ಪದವಿ ಓದಲು ವರ್ಷಗಳು ಬೇಕು, ಅವರು ವಿಡಿಯೊ ನೋಡಿ ಕಲಿಯುತ್ತಾರೆ.

ಸುರಪುರದ ಆಶಾ ಕಾರ್ಯಕರ್ತೆ

ನಾನು ಹಳ್ಳಿಯ ಮಾತು ಹೇಳುತ್ತೇನೆ. ಇಲ್ಲಿ ರೇಕಿ ಯಾರಿಗೂ ಗೊತ್ತಿಲ್ಲ, ಆದರೆ ಬೆನ್ನು ತುಳಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಯಾದಗಿರಿ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂಗಿಂತ ಮೇಲಿದ್ದರೆ ಕುಡಿಯಲು ಯೋಗ್ಯವಲ್ಲ. ಆ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಹಲಗೆಯಂತೆ ಬಿಗಿಯುತ್ತದೆ. ತೊಗರಿ ಕಟಾವಿಗೆ ಬಗ್ಗಲಾಗುವುದಿಲ್ಲ. ಆಗ ಯಾರನ್ನಾದರೂ ಕರೆದು ತುಳಿಸುತ್ತಾರೆ, ತಿರುಚಿಸುತ್ತಾರೆ. ಫ್ಲೋರೈಡ್ ಹಿಡಿದ ಮೂಳೆ ಎಕ್ಸ್‌ರೇಯಲ್ಲಿ ದಪ್ಪವಾಗಿ ಕಂಡರೂ ಸುಲಭವಾಗಿ ಮುರಿಯುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದಾರೆ. ತುಳಿಸುವ ಮೊದಲು ನೀರು ಬದಲಿಸಿ ಎಂದರೆ ಜನ ನಗುತ್ತಾರೆ.

ಆನೆಕಾಲಿನವರೂ ನಮ್ಮಲ್ಲಿ ಇದ್ದಾರೆ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಆನೆಕಾಲು ರೋಗದ ಜಿಲ್ಲೆಗಳು. ಸಾಮೂಹಿಕ ಔಷಧಿ ನುಂಗಿಸುವ ದಿನ ನಾವು ಮನೆಮನೆಗೆ ಹೋಗುತ್ತೇವೆ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಒಮ್ಮೆ ದಪ್ಪವಾದ ಕಾಲನ್ನು ಸಣ್ಣ ಮಾಡುವುದಿಲ್ಲ. ಆ ಕಾಲಿಗೆ ಬೇಕಾದದ್ದು ಕೈಯ ಕೆಲಸವೇ. ದಿನಾ ಸೋಪಿನಿಂದ ತೊಳೆಯುವುದು, ಬೆರಳ ಸಂದಿಯನ್ನೂ ಮಡಿಕೆಗಳನ್ನೂ ಮೆತ್ತನೆಯ ಬಟ್ಟೆಯಿಂದ ಒಣಗಿಸುವುದು, ಬಿರುಕಿಗೆ ಮುಲಾಮು ಹಚ್ಚುವುದು, ಮಲಗುವಾಗ ಕಾಲನ್ನು ಎತ್ತರಕ್ಕೆ ಇಡುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಚಪ್ಪಲಿ ಬಿಡದಿರುವುದು. ಒಬ್ಬ ಅಜ್ಜಿಗೆ ನಾನು ಇದನ್ನು ಕಲಿಸುವಾಗ ಅವಳು ಅತ್ತಳು. ಆ ಕಾಲನ್ನು ಮನೆಯವರೇ ಮುಟ್ಟಿರಲಿಲ್ಲವಂತೆ. ಜ್ವರ ಬಂದು ಕಾಲು ಕೆಂಪಾದಾಗ ಮಾತ್ರ ತಿಕ್ಕಬಾರದು, ಆಗ ಆರೋಗ್ಯ ಕೇಂದ್ರ.

ಹುಮನಾಬಾದಿನ ಮಗ

ತಂದೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಎಡಗೈಯಲ್ಲಿ ಫಿಸ್ಟುಲಾ ಇದೆ, ಡಯಾಲಿಸಿಸ್ ಸೂಜಿ ಹಾಕಲು ಎರಡು ರಕ್ತನಾಳಗಳನ್ನು ಸೇರಿಸಿದ ಜಾಗ ಅದು. ಒಬ್ಬ ಮರ್ದನದವರು ಬಂದು ಅದೇ ಕೈಗೆ ಬಟ್ಟೆ ಬಿಗಿದು ಶಾಖ ಕೊಡಲು ಹೊರಟಿದ್ದರು. ಫಿಸ್ಟುಲಾ ಎಂದರೆ ಏನೆಂದೇ ಅವರಿಗೆ ತಿಳಿದಿರಲಿಲ್ಲ. ಆ ಕೈಯಲ್ಲಿ ಬಿ.ಪಿ. ಕೂಡ ನೋಡಬಾರದು, ಒತ್ತಿದರೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ. ಈಗ ಬೆನ್ನಿಗೂ ಕಾಲಿಗೂ ನಾನೇ ಕುಸುಬೆ ಎಣ್ಣೆ ಹಚ್ಚುತ್ತೇನೆ. ಅಪ್ಪ ಹೊಗಳುವುದಿಲ್ಲ, ಆದರೆ ಬೇಡ ಎನ್ನುವುದೂ ಇಲ್ಲ.

ಬೀದರ್ ಫಿಸಿಯೋ

ಕಾಲಿಗೆ ಹಚ್ಚುವವರು ಒಂದು ಗಮನಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಿದ್ದರೆ ಅಂದು ಮುಟ್ಟಬೇಡಿ. ಒಳಗಿನ ರಕ್ತನಾಳದಲ್ಲಿ ಹೆಪ್ಪು ಇದ್ದರೆ ತಿಕ್ಕಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಬಹಳ ದಿನ ಮಲಗಿದವರಲ್ಲಿ, ಕ್ಯಾನ್ಸರ್ ಇರುವವರಲ್ಲಿ ಇದು ಹೆಚ್ಚು.

ಸೇಡಂ ರಸ್ತೆಯ ತಂಗಿ, ಕಲಬುರಗಿ

ಎಲ್ಲರಿಗೂ ವಂದನೆಗಳು. ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದೆ. ಆಶಾ ಕಾರ್ಯಕರ್ತೆಯವರ ಅಜ್ಜಿಯ ಮಾತಿಗೆ ಅವಳು ಸುಮ್ಮನಾದಳು.

ಸಾಧಕಿಯವರು ಹೇಳಿದಂತೆ ನಾವಿಬ್ಬರೂ ಹೋಗಿ ಕೇಳಿದೆವು. ಮಾತ್ರೆ ನಿಲ್ಲಿಸುವ ಬಗ್ಗೆ ಮೊದಲು ‘ಶಕ್ತಿ ಕೆಲಸ ಮಾಡಲು ರಾಸಾಯನಿಕ ಅಡ್ಡಿಯಾಗುತ್ತದೆ’ ಎಂದರು. ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ, ಸೊಲ್ಲಾಪುರದ ವೈದ್ಯರಿಗೆ ತೋರಿಸುತ್ತೇವೆ ಎಂದೆ. ಆಗ ದನಿ ಬದಲಾಯಿತು, ನಿಮ್ಮ ಇಷ್ಟ ಎಂದರು. ಅಕ್ಕ ಅಲ್ಲಿಂದಲೇ ಎದ್ದಳು. ನಾನು ಎಬ್ಬಿಸಬೇಕಾಗಲಿಲ್ಲ.

ಈಗ ಬೇರೆ ಏರ್ಪಾಡಾಗಿದೆ. ಬಾಣಂತಿಯರಿಗೆ ಎಣ್ಣೆ ಹಚ್ಚುವ ಒಬ್ಬರು ವಾರಕ್ಕೊಮ್ಮೆ ಬರುತ್ತಾರೆ, ಕುತ್ತಿಗೆಯನ್ನೂ ಊದಿದ ಕೀಲುಗಳನ್ನೂ ಬಿಟ್ಟು ಹಗುರವಾಗಿ ಹಚ್ಚುತ್ತಾರೆ. ಬಂದಷ್ಟಕ್ಕೆ ಹಣ, ಮುಂಗಡವಿಲ್ಲ. ಮಾತ್ರೆಯ ಮರುದಿನವೇ ಬರಲು ಹೇಳಿದ್ದೇವೆ, ಅವಳಿಗೆ ಹೆಚ್ಚು ಕಷ್ಟವಾಗುವುದು ಅಂದೇ. ವಾಕರಿಕೆಯ ವಿಷಯವನ್ನು ವೈದ್ಯರಿಗೆ ಫೋನಿನಲ್ಲಿ ಹೇಳಿದೆವು. ಮುಂದಿನ ಭೇಟಿಯಲ್ಲಿ ಚುಚ್ಚುಮದ್ದಿಗೆ ಬದಲಾಯಿಸೋಣ ಎಂದಿದ್ದಾರೆ. ಎಣ್ಣೆ ಹಚ್ಚಿಸುವುದನ್ನೂ ಹೇಳಿದೆ. ಅವರು ಬೈಯಲಿಲ್ಲ, ಯಾವ ಎಣ್ಣೆ ಎಂದು ಕೇಳಿದರು. ಭಾವನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ, ಎಣ್ಣೆಯ ಖರ್ಚಿನ ಬಗ್ಗೆ ಗೊಣಗುತ್ತಿದ್ದಾರೆ.

ಬಸವಕಲ್ಯಾಣದ ರೇಕಿ ಸಾಧಕಿ

ಭಾವನಿಗೂ ಒಮ್ಮೆ ಹಚ್ಚಿಸಿ.

ಜೇವರ್ಗಿಯ ಸೊಸೆ

ಚರ್ಚೆ ಮುಗಿಯುವ ಹೊತ್ತಿಗೆ ಬಂದೆ, ಆದರೂ ಕೇಳುತ್ತೇನೆ. ಅತ್ತೆಗೆ ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಪಾದ ಉರಿಯುತ್ತದೆ ಎನ್ನುತ್ತಾರೆ, ಆದರೆ ಚಪ್ಪಲಿ ಜಾರಿ ಹೋದರೂ ತಿಳಿಯುವುದಿಲ್ಲ. ಬಿಸಿ ಉಪ್ಪುನೀರಿನಲ್ಲಿ ಕಾಲಿಟ್ಟು, ಆಮೇಲೆ ಮರದ ಕಡ್ಡಿಯಿಂದ ಪಾದದ ಬಿಂದುಗಳನ್ನು ಒತ್ತಲು ಒಬ್ಬರು ಹೇಳಿದ್ದಾರೆ. ಮಾಡಬಹುದೇ?

ಬೀದರ್ ಫಿಸಿಯೋ

ಎರಡೂ ಬೇಡ. ಚಪ್ಪಲಿ ಜಾರಿದ್ದು ತಿಳಿಯದ ಪಾದಕ್ಕೆ ಸುಡುವುದೂ ತಿಳಿಯುವುದಿಲ್ಲ, ಕಡ್ಡಿ ಚುಚ್ಚಿದ್ದೂ ತಿಳಿಯುವುದಿಲ್ಲ. ನೀವು ಕೈಯಿಂದ ಕೊಬ್ಬರಿ ಎಣ್ಣೆಯನ್ನು ಮೆಲ್ಲಗೆ ಹಚ್ಚಬಹುದು, ಬೆರಳ ಸಂದಿಯನ್ನು ಬಿಟ್ಟು, ಅಲ್ಲಿ ತೇವ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ. ಹಚ್ಚುವಾಗ ಅಂಗಾಲನ್ನೂ ಹಿಮ್ಮಡಿಯನ್ನೂ ಬೆಳಕಿನಲ್ಲಿ ನೋಡಿ. ಬೇಸಿಗೆಯಲ್ಲಿ ನಮ್ಮ ಕಡೆಯ ಅಂಗಳದ ಶಹಾಬಾದ್ ಕಲ್ಲು ಕಾದಿರುತ್ತದೆ, ಬರಿಗಾಲಿನಲ್ಲಿ ನಡೆಯಲು ಬಿಡಬೇಡಿ. ಉರಿಗೆ ಬೇರೆ ಮಾತ್ರೆಗಳಿವೆ, ಮುಂದಿನ ಸಲ ಸಕ್ಕರೆ ಪರೀಕ್ಷೆಗೆ ಹೋದಾಗ ಕೇಳಿ. ಗುಳ್ಳೆಯೋ ಗಾಯವೋ ಕಂಡರೆ ಅದೇ ದಿನ ತೋರಿಸಿ, ಸಂತೆಯ ದಿನದವರೆಗೆ ಕಾಯಬೇಡಿ.